ಬ್ರೆಡ್ ಸ್ಟಫಿಂಗ್: ಒಳಗೆ ಹಸಿ ಮುದ್ದೆ, ಮೇಲೆ ಕರಕಲು. ಬೀಗರ ಊಟಕ್ಕೆ ಮುಂಚೆ ಸರಿಮಾಡಬೇಕು

ಮಲ್ಲಿಗೆ_ಕೊಲಂಬಸ್

ಎಲ್ಲರಿಗೂ ನಮಸ್ಕಾರ. ಈ ಸಲ ಥ್ಯಾಂಕ್ಸ್‌ಗಿವಿಂಗ್ (ಗುರುವಾರ ಬರುವ ಅಮೆರಿಕದ ಹಬ್ಬ) ಊಟ ನಮ್ಮ ಮನೆಯಲ್ಲಿ. ಸೊಸೆ ಇಲ್ಲೇ ಓಹಾಯೊದ ಹುಡುಗಿ, ಅವಳ ಅಪ್ಪ ಅಮ್ಮ ಬರುತ್ತಿದ್ದಾರೆ. ಟರ್ಕಿ ಕೋಳಿ ಮಗನ ಪಾಲಿಗೆ. ಅದರ ಜೊತೆ ಬಡಿಸುವ ಸ್ಟಫಿಂಗ್ (ಬ್ರೆಡ್ ತುಂಡು ನೆನೆಸಿ ಓವನ್‌ನಲ್ಲಿ ಬೇಯಿಸಿದ ತಿನಿಸು) ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಬೀಗಿತ್ತಿ ತಮ್ಮ ಮನೆಯಲ್ಲಿ ಮಾಡುವ ರೀತಿಯನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ: ಬ್ರೆಡ್ 1 ಪೌಂಡ್, ಬೆಣ್ಣೆ ಒಂದು ಸ್ಟಿಕ್ (ಅರ್ಧ ಕಪ್), ಈರುಳ್ಳಿ, ಸೆಲೆರಿ, ಸೇಜ್ 2 ಟೇಬಲ್ ಚಮಚ, ಥೈಮ್, ಪಾರ್ಸ್ಲಿ (ಸೇಜ್ ಸೇರಿ ಮೂರೂ ಘಮದ ಸೊಪ್ಪು), 2 ಮೊಟ್ಟೆ, "ಸಾಕಾಗುವಷ್ಟು" ಬ್ರಾತ್ (ಮಾಂಸ ಅಥವಾ ತರಕಾರಿ ಬೇಯಿಸಿದ ತಿಳಿಸಾರು).

ಊಟದ ದಿನಕ್ಕೆ ಮುಂಚೆ ಒಂದು ಸಲ ಮಾಡಿ ನೋಡಿದೆ. ಮೇಲಿನ ಪದರ ಕಪ್ಪಾಯಿತು. ಒಳಗೆ ಚಮಚ ಹಾಕಿದರೆ ಗಂಜಿಯ ಹಾಗೆ ಅಂಟು ಅಂಟು. ಉಪ್ಪು ಜಾಸ್ತಿ. ತಿಂದ ಮೇಲೆ ಬಾಯಲ್ಲಿ ಕಹಿ. ಎಲ್ಲಿ ಏನಾಯಿತು ಅಂತ ಹೇಳುವಿರಾ? ಇನ್ನೊಂದು ವಿಷಯ: ನಮ್ಮ ಯಜಮಾನರು ಮೊಟ್ಟೆ, ಮಾಂಸ ಎರಡೂ ಮುಟ್ಟುವುದಿಲ್ಲ. ಅವರಿಗೆ ಒಂದು ಟ್ರೇ ಬೇರೆ ಬೇಕು. ಬೀಗರ ಜೊತೆ ಕೂತು ಅದೇ ಊಟ ಅವರೂ ಮಾಡಬೇಕು ಅನ್ನುವುದು ನನ್ನ ಆಸೆ.

ಓವನ್_ಶರಾವತಿ

ಅಕ್ಕ, ಚೆನ್ನಾಗಿ ವಿವರ ಕೊಟ್ಟಿದ್ದೀರಿ. ಇನ್ನೂ ಸ್ವಲ್ಪ ಬೇಕು. ಯಾವ ಬ್ರೆಡ್? ಅದನ್ನು ಹೇಗೆ ಒಣಗಿಸಿದಿರಿ? ಬ್ರಾತ್ ಎಷ್ಟು ಕಪ್, ಪ್ಯಾಕೆಟ್ ಮೇಲೆ ಸೋಡಿಯಂ ಬಗ್ಗೆ ಏನು ಬರೆದಿದೆ? ಟ್ರೇ ಅಳತೆ ಎಷ್ಟು? ಸೇಜ್ ಹಸಿ ಎಲೆಯೋ ಪುಡಿಯೋ?

ಮಲ್ಲಿಗೆ_ಕೊಲಂಬಸ್

ಮನೆಯಲ್ಲಿದ್ದ ಬಿಳಿ ಸ್ಯಾಂಡ್‌ವಿಚ್ ಬ್ರೆಡ್. ತುಂಡು ಮಾಡಿ ರಾತ್ರಿಯೆಲ್ಲಾ ಮೇಜಿನ ಮೇಲೆ ಹರಡಿಟ್ಟೆ, ಬೆಳಿಗ್ಗೆ ಮುಟ್ಟಿದರೆ ಗಟ್ಟಿಯಾಗಿತ್ತು. ಬ್ರಾತ್ 4 ಕಪ್, ಒಂದು ಡಬ್ಬ ಪೂರ್ತಿ. ಅದರ ಮೇಲೆ "ರೆಡ್ಯೂಸ್ಡ್ ಸೋಡಿಯಂ" ಅಂತಿದೆ. ಟ್ರೇ 8 ಇಂಚಿನ ಚೌಕ, ಅಂಚಿನವರೆಗೆ ತುಂಬಿತು. ಸೇಜ್ ಪುಡಿ. 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ, ಫಾಯಿಲ್ ಮುಚ್ಚಿರಲಿಲ್ಲ.

ಓವನ್_ಶರಾವತಿ

ಎಲ್ಲ ಗೊತ್ತಾಯಿತು. ಒಂದೊಂದಾಗಿ ಹೇಳುತ್ತೇನೆ. ಮೊದಲನೆಯದೇ ಮುಖ್ಯ, ಅದು ಸರಿಹೋದರೆ ಅರ್ಧ ತೊಂದರೆ ತಾನಾಗಿಯೇ ಹೋಗುತ್ತದೆ.

ರಾತ್ರಿಯೆಲ್ಲಾ ಇಟ್ಟ ಬ್ರೆಡ್ ಗಟ್ಟಿಯಾಗುತ್ತದೆ, ಆದರೆ ಒಣಗಿರುವುದಿಲ್ಲ. ಬ್ರೆಡ್ ಹಳೆಯದಾದಾಗ ಅದರೊಳಗಿನ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ, ಅದಕ್ಕೇ ಗಟ್ಟಿ ಅನಿಸುತ್ತದೆ. ನೀರಿನ ಅಂಶ ಮಾತ್ರ ಬಹಳಷ್ಟು ಒಳಗೇ ಇರುತ್ತದೆ. ಬಿಸಿ ತಾಗಿದ ಕೂಡಲೇ ಆ ಬಿಗಿತ ಬಿಟ್ಟು ಬ್ರೆಡ್ ಮತ್ತೆ ಮೆತ್ತಗಾಗುತ್ತದೆ. ನಿನ್ನೆಯ ಬ್ರೆಡ್ ಟೋಸ್ಟರ್‌ಗೆ ಹಾಕಿದರೆ ಒಳಗೆ ಮೃದುವಾಗುತ್ತದಲ್ಲ, ಅದೇ ಕಾರಣ. ಹಾಗಾಗಿ ನಿಮ್ಮ ತುಂಡುಗಳಲ್ಲಿ ಬ್ರಾತ್ ಹೀರಲು ಜಾಗವೇ ಇರಲಿಲ್ಲ. ಅದರ ಮೇಲೆ 4 ಕಪ್ ಬಿತ್ತು.

ಓವನ್‌ನಲ್ಲೇ ಒಣಗಿಸಿ. ಮುಕ್ಕಾಲು ಇಂಚಿನ ತುಂಡು ಮಾಡಿ ಎರಡು ದೊಡ್ಡ ಶೀಟ್ ಮೇಲೆ ಒಂದೇ ಪದರವಾಗಿ ಹರಡಿ. 275 ಡಿಗ್ರಿ ಫ್ಯಾರನ್‌ಹೀಟ್, 45 ನಿಮಿಷದಿಂದ ಒಂದು ಗಂಟೆ. ನಡುವೆ ಎರಡು ಸಲ ಕೈಯಾಡಿಸಿ. ಬಣ್ಣ ಬರಬೇಕಾಗಿಲ್ಲ. ಒಂದು ತುಂಡು ಮುರಿದು ನೋಡಿ: ಮಧ್ಯದವರೆಗೂ ಟಕ್ ಎಂದು ಮುರಿಯಬೇಕು, ಬೆರಳಿಗೆ ಎಲ್ಲೂ ಮೆತ್ತಗೆ ಸಿಗಬಾರದು. ಉಪ್ಪಿಟ್ಟಿಗೆ ರವೆ ಹುರಿಯುವಾಗ ಎಷ್ಟು ತಾಳ್ಮೆ ಬೇಕೋ ಇಲ್ಲೂ ಅಷ್ಟೇ ಬೇಕು. ಅಲ್ಲಿ ಅವಸರ ಮಾಡಿದರೂ ಮುದ್ದೆಯೇ ಅಲ್ವಾ.

ಬ್ರೆಡ್ ಬದಲಾಯಿಸಿ. ಸ್ಯಾಂಡ್‌ವಿಚ್ ಬ್ರೆಡ್‌ನ ಒಡಲು ತೀರಾ ಮೃದು, ನೆನೆದರೆ ಆಕಾರ ಉಳಿಯುವುದಿಲ್ಲ. ಇಟಾಲಿಯನ್ ಅಥವಾ ಫ್ರೆಂಚ್ ಲೋಫ್ ತನ್ನಿ. ಸೌರ್‌ಡೋ ಕೂಡ ನಡೆಯುತ್ತದೆ, ಸ್ವಲ್ಪ ಹುಳಿ ಬರುತ್ತದೆ. ನನಗಂತೂ ಅದು ಇಷ್ಟ.

ಬ್ರಾತ್: 1 ಪೌಂಡ್ ಬ್ರೆಡ್‌ಗೆ, 2 ಮೊಟ್ಟೆ ಹಾಕುವುದಾದರೆ, ಎರಡೂವರೆ ಕಪ್ ಇಟ್ಟುಕೊಳ್ಳಿ. ಅದನ್ನೂ ಒಂದೇ ಸಲ ಸುರಿಯಬೇಡಿ. ಮೊದಲು ಮೂರರಲ್ಲಿ ಎರಡು ಪಾಲು ಹಾಕಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಿರುವಿ, ಹತ್ತು ನಿಮಿಷ ಬಿಡಿ. ಆಮೇಲೆ ಒಂದು ತುಂಡು ಹಿಂಡಿ. ನಡುವೆ ಒಣಗಿದ ಗಂಟು ಸಿಕ್ಕರೆ ಇನ್ನಷ್ಟು ಹಾಕಿ. ಪಾತ್ರೆಯ ತಳದಲ್ಲಿ ಬ್ರಾತ್ ನಿಂತಿದ್ದರೆ ಅಲ್ಲಿಗೆ ನಿಲ್ಲಿಸಿ.

ಟ್ರೇ. 8 ಇಂಚಿನ ಚೌಕ ಅಂದರೆ 64 ಚದರ ಇಂಚು. ಒಂದು ಪೌಂಡ್ ಬ್ರೆಡ್‌ಗೆ 9x13 ಬೇಕು, ಅದು 117. ಹತ್ತಿರ ಹತ್ತಿರ ಎರಡು ಪಟ್ಟು. ನಿಮ್ಮ ಟ್ರೇಯಲ್ಲಿ ಆಳ ಜಾಸ್ತಿಯಾಗಿ ನಡುವಿಗೆ ಬಿಸಿ ಹೋಗುವಷ್ಟರಲ್ಲಿ ಮೇಲೆ ಸುಟ್ಟಿತು. 9x13 ಟ್ರೇಗೆ ಬೆಣ್ಣೆ ಸವರಿ, ಫಾಯಿಲ್ ಮುಚ್ಚಿ, 350ರಲ್ಲಿ 30 ನಿಮಿಷ. ಫಾಯಿಲ್ ತೆಗೆದು ಇನ್ನೊಂದು 15–20 ನಿಮಿಷ. ಫ್ಯಾನ್ ಇರುವ ಓವನ್ ಆದರೆ 25 ಡಿಗ್ರಿ ಕಡಿಮೆ ಇಡಿ.

ಕಹಿಗೆ ಕಾರಣ ಸೇಜ್. ಚೀಟಿಯಲ್ಲಿರುವ 2 ಟೇಬಲ್ ಚಮಚ ಹಸಿ ಎಲೆಯ ಲೆಕ್ಕ ಇರಬೇಕು, ಬೀಗಿತ್ತಿಯವರನ್ನು ಒಮ್ಮೆ ಕೇಳಿ. ಒಣಗಿದ ಎಲೆ ಅದರ ಮೂರನೇ ಒಂದು ಭಾಗ ಸಾಕು, ಅಂದರೆ 2 ಟೀ ಚಮಚ. ನುಣ್ಣಗಿನ ಪುಡಿಯಾದರೆ ಇನ್ನೂ ಕಡಿಮೆ, ಒಂದು ಟೀ ಚಮಚದಲ್ಲಿ ಶುರು ಮಾಡಿ. ನೀವು ಹಾಕಿದ್ದು ಆರು ಟೀ ಚಮಚ.

ಉಪ್ಪಿನದು ಬರೀ ಲೇಬಲ್ ಗೊಂದಲ. "ರೆಡ್ಯೂಸ್ಡ್" ಅಂದರೆ ಮಾಮೂಲಿ ಬ್ರಾತ್‌ಗಿಂತ ಕನಿಷ್ಠ 25 ಶೇಕಡಾ ಕಡಿಮೆ ಅಂತ ಮಾತ್ರ. ಮಾಮೂಲಿಯಲ್ಲೇ ಉಪ್ಪು ಬೇಕಾದಷ್ಟಿರುತ್ತದೆ. "ಲೋ ಸೋಡಿಯಂ" ಅಂತ ಬರೆಯಬೇಕಾದರೆ ಒಂದು ಸರ್ವಿಂಗ್‌ಗೆ 140 ಮಿಲಿಗ್ರಾಂ ಮೀರಬಾರದು. ಅದನ್ನೇ ತನ್ನಿ, ಬೆಣ್ಣೆಯೂ ಉಪ್ಪಿಲ್ಲದ್ದು. ಉಪ್ಪು ನೀವೇ ರುಚಿ ನೋಡಿ ಹಾಕಿಕೊಳ್ಳಿ. ಮೊಟ್ಟೆ ಬೆರೆಸುವ ಮುಂಚೆ ರುಚಿ ನೋಡಿ.

ತೀರ್ಥಹಳ್ಳಿ_ಟು_ಟೆಕ್ಸಾಸ್

ಶರಾವತಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸೆಲೆರಿ, ಈರುಳ್ಳಿಯಲ್ಲೂ ನೀರಿದೆ. ಬೆಣ್ಣೆಯಲ್ಲಿ ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ಬಾಡಿಸಿ. ಸೆಲೆರಿ ಹಲ್ಲಿಗೆ ಕರಕರ ಅನ್ನಬಾರದು, ಆ ಸಪ್ಪೆ ಹಸಿ ವಾಸನೆಯೂ ಹೋಗಬೇಕು. ಸೇಜ್, ಥೈಮ್ ಕೊನೆಯ ಒಂದು ನಿಮಿಷ ಆ ಬೆಣ್ಣೆಗೇ ಹಾಕಿ. ನಮ್ಮ ಒಗ್ಗರಣೆಯಂತೆ ಘಮ ಬೆಣ್ಣೆಗೆ ಇಳಿಯುತ್ತದೆ, ಕಮ್ಮಿ ಹಾಕಿದರೂ ಸಾಕಾಗುತ್ತದೆ.

ಆದರೆ ಟರ್ಕಿ ಹೊಟ್ಟೆಯೊಳಗೆ ಬೆಂದ ಸ್ಟಫಿಂಗ್ ರುಚಿ ಟ್ರೇಯಲ್ಲಿ ಬರುವುದಿಲ್ಲ. ಬೀಗರಿಗೆ ಅದೇ ಅಭ್ಯಾಸ ಇರಬಹುದು. ಮಗನಿಗೆ ಹೇಳಿ ಒಂದಿಷ್ಟು ಒಳಗೆ ತುಂಬಿಸಿ.

ಓವನ್_ಶರಾವತಿ

ರುಚಿಯ ಮಾತು ನಿಜ, ಟರ್ಕಿಯ ರಸವೆಲ್ಲ ಬ್ರೆಡ್‌ಗೆ ಇಳಿಯುತ್ತದೆ. ಆದರೆ ಅದೇ ಹಸಿ ಮಾಂಸದ ರಸ ಅನ್ನುವುದೇ ಕಷ್ಟ. ಸ್ಟಫಿಂಗ್‌ನ ನಟ್ಟನಡುವೆ 165 ಡಿಗ್ರಿ ಬರಲೇಬೇಕು, ಅಂದರೆ 74 ಸೆಲ್ಸಿಯಸ್. ಎದೆಯ ಮಾಂಸ ಮುಂಚೆಯೇ ಬೆಂದಿರುತ್ತದೆ. ಒಳಗಿನದು ಬೇಯಲಿ ಅಂತ ಕಾದರೆ ಎದೆ ಒಣಗಿ ನಾರಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯೂ ಬೇರೆ ಟ್ರೇಯಲ್ಲಿ ಮಾಡುವುದೇ ಒಳ್ಳೆಯದು ಎನ್ನುತ್ತದೆ. ತುಂಬಲೇಬೇಕು ಅಂದರೆ ಓವನ್‌ಗೆ ಇಡುವ ಹೊತ್ತಿಗೆ ತುಂಬಿ, ಸಡಿಲವಾಗಿ, ಥರ್ಮಾಮೀಟರ್ ಚುಚ್ಚಿ ನೋಡಿ. ಮೊದಲ ಸಲ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಟರ್ಕಿ ಟ್ರೇಯಲ್ಲಿ ಇಳಿದ ರಸವನ್ನು ನಾಲ್ಕು ಚಮಚ ಸ್ಟಫಿಂಗ್ ಮೇಲೆ ಹನಿಸಿ, ಫಾಯಿಲ್ ತೆಗೆದ ಆಮೇಲೆ. ರುಚಿ ಬಹಳ ಹತ್ತಿರ ಬರುತ್ತದೆ.

ಅಟ್ಲಾಂಟಾ_ಹೇಮಾವತಿ

ಸಸ್ಯಾಹಾರಿ ಟ್ರೇ ಬಗ್ಗೆ ನಾನು ಹೇಳಬಲ್ಲೆ, ನಮ್ಮ ಮನೆಯಲ್ಲಿ ಪ್ರತಿ ವರ್ಷ ಮಾಡುವುದೇ ಅದು. ಮೊದಲು ಲೇಬಲ್ ಓದಿ. ಮಸಾಲೆ ಸೇರಿಸಿ ಮಾರುವ ಸ್ಟಫಿಂಗ್ ಪ್ಯಾಕೆಟ್‌ಗಳಲ್ಲಿ ಕೋಳಿಯ ಸಾರ ಇರುವುದುಂಟು. ಬ್ರಿಯೋಶ್ ಬ್ರೆಡ್‌ನಲ್ಲಿ ಮೊಟ್ಟೆ ಇರುತ್ತದೆ, ಹಾಲಾ ಬ್ರೆಡ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಸಾದಾ ಫ್ರೆಂಚ್ ಲೋಫ್ ಸುಲಭ.

ಮೊಟ್ಟೆಯ ಕೆಲಸ ತುಂಡುಗಳನ್ನು ಹಿಡಿದಿಡುವುದು. ಅದರ ಬದಲು 2 ಟೇಬಲ್ ಚಮಚ ಅಗಸೆ ಪುಡಿಗೆ 6 ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಡಿ, ಲೋಳೆಯಾಗುತ್ತದೆ. ಅದು ಇಲ್ಲದೆಯೂ ಆಗುತ್ತದೆ, ಸ್ವಲ್ಪ ಬಿಡಿಬಿಡಿಯಾಗಿರುತ್ತದೆ ಅಷ್ಟೇ. ಮೊಟ್ಟೆ ಬಿಟ್ಟ ಜಾಗಕ್ಕೆ ಬ್ರಾತ್ ಜಾಸ್ತಿ ಮಾಡಬೇಡಿ, ಮತ್ತೆ ಗಂಜಿಯಾಗುತ್ತದೆ.

ಮಾಂಸದ ಬ್ರಾತ್ ಇಲ್ಲದಿದ್ದರೆ ರುಚಿ ತೆಳು ಅನಿಸುತ್ತದೆ. ಅದಕ್ಕೆ ಅಣಬೆ. ಅರ್ಧ ಪೌಂಡ್ ಹೆಚ್ಚಿ, ಬಾಣಲೆಯಲ್ಲಿ ಅದರ ನೀರೆಲ್ಲ ಇಂಗಿ ಕೆಂಪಗಾಗುವವರೆಗೆ ಹುರಿಯಿರಿ. ಒಣ ಅಣಬೆ ಸಿಕ್ಕರೆ ಬಿಸಿ ನೀರಿನಲ್ಲಿ ನೆನೆಸಿ, ಆ ನೀರನ್ನು ಸೋಸಿ ತರಕಾರಿ ಬ್ರಾತ್‌ಗೆ ಸೇರಿಸಿ. ಹುರಿದ ಚೆಸ್ಟ್‌ನಟ್ ಅಥವಾ ಆಕ್ರೋಟು ಸಹ ಹಳೆಯ ಪದ್ಧತಿಯೇ, ಯಾರೂ ಬೇರೆ ಏನೋ ಮಾಡಿದ್ದೀರಿ ಅನ್ನುವುದಿಲ್ಲ. ಇಲ್ಲಿ ದಕ್ಷಿಣದಲ್ಲಿ ಮೆಕ್ಕೆಜೋಳದ ಬ್ರೆಡ್‌ನಲ್ಲಿ ಮಾಡುತ್ತಾರೆ. ಅದೂ ಚೆಂದ, ಆದರೆ ನಿಮ್ಮ ಬೀಗರದು ಗೋಧಿ ಬ್ರೆಡ್ ಮನೆ, ಅದನ್ನೇ ಮಾಡಿ.

ದಯವಿಟ್ಟು ಎರಡು ಟ್ರೇಗೂ ಚಮಚ ಬೇರೆ ಬೇರೆ ಇಡಿ, ಚೀಟಿ ಅಂಟಿಸಿ. ಟರ್ಕಿ ರಸ ಹನಿಸುವಾಗ ಯಾವ ಟ್ರೇ ಅಂತ ಎರಡು ಸಲ ನೋಡಿ.

ಮಲ್ಲಿಗೆ_ಕೊಲಂಬಸ್

ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಬೀಗಿತ್ತಿಯವರನ್ನು ಕೇಳಿದೆ, ಹೌದು, ಅವರದು ಹಿತ್ತಲಿನ ಹಸಿ ಸೇಜ್ ಲೆಕ್ಕ! ಟರ್ಕಿ ಒಳಗೆ ತುಂಬುವುದು ಅವರೂ ಬಿಟ್ಟಿದ್ದಾರಂತೆ.

ಇವತ್ತು ಇಟಾಲಿಯನ್ ಲೋಫ್ ತಂದು, ಓವನ್‌ನಲ್ಲಿ ಒಣಗಿಸಿ, ಅರ್ಧ ಅಳತೆಯಲ್ಲಿ ಮಾಡಿದೆ. 8 ಇಂಚಿನ ಟ್ರೇ ಅದಕ್ಕೆ ಸರಿಹೋಯಿತು. ಮೇಲೆ ಗರಿಗರಿ, ಒಳಗೆ ಮೃದು, ತುಂಡು ತುಂಡಾಗಿಯೇ ಇದೆ. ಬ್ರಾತ್ ನೀವು ಹೇಳಿದ್ದಕ್ಕಿಂತ ಸ್ವಲ್ಪ ಉಳಿಯಿತು. ಸೊಸೆ ತಿಂದು "ಅಮ್ಮನ ಮನೆಯದೇ" ಅಂದಳು. ಅಗಸೆ ಹಾಕಿದ್ದು ನಾಳೆ ಮಾಡುತ್ತೇನೆ.

ಈಗ ಒಂದೇ ಪ್ರಶ್ನೆ. ಓವನ್ ಒಂದೇ, ಟರ್ಕಿ ಅದರೊಳಗೆ ಗಂಟೆಗಟ್ಟಲೆ ಇರುತ್ತದೆ. ಸ್ಟಫಿಂಗ್ ಹಿಂದಿನ ದಿನವೇ ಕಲಸಿ ಫ್ರಿಜ್‌ನಲ್ಲಿ ಇಡಬಹುದೇ?

ಓವನ್_ಶರಾವತಿ

ಕಲಸಿ ಇಡಬೇಡಿ. ಬ್ರೆಡ್ ರಾತ್ರಿಯೆಲ್ಲಾ ನೆನೆದು ಮತ್ತೆ ಮೊದಲಿನ ಕಥೆಯೇ. ಮೊಟ್ಟೆ ಬೆರೆಸಿದ ಹಸಿ ಮಿಶ್ರಣ ಇಡುವುದು ಆರೋಗ್ಯಕ್ಕೂ ಸರಿಯಲ್ಲ. ಬ್ರೆಡ್ ಎರಡು ದಿನ ಮುಂಚೆ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬದಲ್ಲಿ ಹೊರಗೇ ಮುಚ್ಚಿಡಿ. ಈರುಳ್ಳಿ, ಸೆಲೆರಿ, ಅಣಬೆ ಬುಧವಾರ ಬಾಡಿಸಿ ಫ್ರಿಜ್‌ಗೆ. ಗುರುವಾರ ಬ್ರಾತ್ ಬಿಸಿ ಮಾಡಿ, ಬಾಡಿಸಿದ್ದನ್ನು ಅದಕ್ಕೆ ಹಾಕಿ ಬೆಚ್ಚಗೆ ಮಾಡಿಕೊಳ್ಳಿ. ಮೊಟ್ಟೆ ಹಾಕುವ ಟ್ರೇಗೆ ಬ್ರಾತ್ ಕುದಿಯುವಷ್ಟು ಬಿಸಿ ಇರಬಾರದು, ಮೊಟ್ಟೆ ಒಡೆದು ಗಟ್ಟಿಯಾಗುತ್ತದೆ.

ಟರ್ಕಿ ಓವನ್‌ನಿಂದ ಹೊರಗೆ ತೆಗೆದ ಮೇಲೆ ಕತ್ತರಿಸುವ ಮುಂಚೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಾಗೇ ಬಿಡಬೇಕು. ಟರ್ಕಿ ತೆಗೆಯಲು ಹತ್ತು ನಿಮಿಷ ಇರುವಾಗ ಎರಡೂ ಟ್ರೇ ಕಲಸಿ ಸಿದ್ಧ ಮಾಡಿ. ಅದು ಹೊರಗೆ ಬಂದ ಕೂಡಲೇ ಓವನ್ 350ಕ್ಕೆ ತಿರುಗಿಸಿ ಇವನ್ನು ಒಳಗಿಡಿ. ಸಸ್ಯಾಹಾರಿ ಟ್ರೇ ಮೇಲಿನ ಅಂತಸ್ತಿನಲ್ಲಿರಲಿ. ಮೊಟ್ಟೆ ಹಾಕಿದ ಟ್ರೇ ನಡುವೆ ಥರ್ಮಾಮೀಟರ್ ಚುಚ್ಚಿ 165 ನೋಡಿಕೊಂಡೇ ತೆಗೆಯಿರಿ.

ಅಟ್ಲಾಂಟಾ_ಹೇಮಾವತಿ

ಊಟವಾದ ಮೇಲೆ ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ ಅಕ್ಕ, ಮೂರು ನಾಲ್ಕು ದಿನ ಇರುತ್ತದೆ. ಮರುದಿನ ಕಾವಲಿ ಮೇಲೆ ಬೆಣ್ಣೆ ಹಾಕಿ ತಟ್ಟಿ ಎರಡು ಕಡೆ ಕೆಂಪಗೆ ಬೇಯಿಸಿ. ಅಗಸೆ ಹಾಕಿದ್ದೇ ಇದಕ್ಕೆ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಯಜಮಾನರಿಗೆ ಬೆಳಗಿನ ತಿಂಡಿ ಆಯಿತು.