ಕಿನ್ನಾಳ ಗೊಂಬಿ ಬರದ್ರ ಮುಖ ಉದ್ದ ಬರ್ತೈತಿ, ಕೈ ಮಾತು ಕೇಳವಲ್ದು

ಕೊಪ್ಪಳದ_ಗೆರೆ:
ಮೂರು ತಿಂಗಳಾತು. ಕಿನ್ನಾಳದ ಗೌರಿ ಗೊಂಬಿ ಎದುರಿಗಿಟ್ಕೊಂಡು ದಿನಾ ಅದರ ಚಿತ್ರ ಬರೀತೀನಿ. ಬರೆಯೋ ಮುಂದ ಎಲ್ಲಾ ಸರಿ ಕಾಣ್ತೈತಿ. ಗ್ವಾಡಿಗೆ ಹಚ್ಚಿದ ಕೂಡ್ಲೆ ಗದ್ದದಿಂದ ಕಿರೀಟದ ತನಕ ಜಗ್ಗಿದಂಗ. ಪೀಠ ಮಾತ್ರ ಸರಿ ಇರ್ತೈತಿ. ಕೈ ನಡುಗೂದಿಲ್ಲ, ಚಷ್ಮಾ ಇಲ್ಲ. ಎಷ್ಟು ಹಾಳಿ ಹರದು ಒಗದೀನೋ. ಏನರ ದಾರಿ ಹೇಳ್ರಿ.

ರಾಯಚೂರು_ಇದ್ದಿಲು:
ನೀವು ಗೊಂಬಿ ಬಿಟ್ಟು ಹಾಳಿನೇ ನೋಡ್ತೀರಿ. ತೋಳು ಚಾಚಿ ಹೆಬ್ಬೆರಳು ಹಿಡೀರಿ. ಅದರ ಅಗಲ ಸುಮಾರು 2 ಡಿಗ್ರಿ. ಕಣ್ಣಿಗೆ ಪೂರಾ ಸ್ವಚ್ಛ ಕಾಣೋದು ಅಷ್ಟೇ ಜಾಗ, ಉಳಿದದ್ದು ಮಸುಕು. ಅದಕ್ಕ ಕಣ್ಣು ಗೊಂಬಿಗೂ ಹಾಳಿಗೂ ಜಿಗೀತಿರಬೇಕು. ತಡ ಮಾಡಿದ್ರ ನೋಡಿದ ಗೆರೆ ಮರೆತು ರೂಢಿ ಗೆರೆ ಬರ್ತದ. ಅದು ತಪ್ಪಬೇಕಂದ್ರ ದಿನಾ 10 ನಿಮಿಷ ಹಾಳಿ ನೋಡಲಾರದ ಬರೀರಿ. ಗೊಂಬಿ ಅಂಚಿನ ಮ್ಯಾಲೆ ಕಣ್ಣು ಬಸವನಹುಳ ಹರದಂಗ ಹರೀಲಿ, ಪೆನ್ಸಿಲ್ ಅದೇ ವೇಗಕ್ಕ ಹೋಗ್ಲಿ.

ಕೊಪ್ಪಳದ_ಗೆರೆ:
ನಾಕು ದಿನ ಮಾಡಿದೆ. ಮೂಗಿನ ತಿರುವು, ಸೀರಿ ನೆರಿಗಿ ಚಲೋ ಬಂದ್ವು. ಉದ್ದ ಹಂಗ ಐತಿ.

ರಾಯಚೂರು_ಇದ್ದಿಲು:
ನಾಕು ದಿನ ಸಾಲಂಗಿಲ್ಲ. ತಿಂಗಳು ಮಾಡ್ರಿ.

ಬಳ್ಳಾರಿ_4ಬಿ:
ಪೆನ್ಸಿಲ್ ಯಾವುದು? ಎಚ್‌ಬಿ ಇದ್ದರೆ ಬಿಟ್ಟು 4ಬಿಯಂಥ ಮೆತ್ತನೆ ಸೀಸದ್ದು ಹಿಡಿಯಿರಿ; ಎಚ್‌ಬಿ ಅದಕ್ಕಿಂತ ಗಟ್ಟಿ, ಒತ್ತಿ ಒತ್ತಿ ಮಣಿಕಟ್ಟು ಬಿಗಿಯಾಗುತ್ತೆ. ಗೆರೆ ಭುಜದಿಂದ ಬರಬೇಕು. ನಾನು ಕೋಟೆ ಗುಡ್ಡ ಬರೆಯೋದು ನಿಂತೇ. ಹಾಳೆ ನಿಲ್ಲಿಸೋ ತೇಗದ ಈಸಲ್, ಎ2 ಹಾಳೆ, ಎಡಗಡೆಯಿಂದ ಬೆಳಕು. ಹೋದ ತಿಂಗಳು ಹೊಸ ಕ್ಲಿಪ್ಪೂ ಹಾಕಿಸಿದೆ.

ರಾಯಚೂರು_ಇದ್ದಿಲು:
ಮೆತ್ತನ್ನ ಪೆನ್ಸಿಲಿಗೆ ಗೆರೆ ಕಪ್ಪಾಗ್ತದ, ಅಳತಿ ಬದಲಾಗಂಗಿಲ್ಲ.

ಬಳ್ಳಾರಿ_4ಬಿ:
ನಾನು ಅಳತೆ ಅಂದಿಲ್ಲ ಸರ್, ಒತ್ತಡ ಅಂದೆ. ಇನ್ನೊಮ್ಮೆ ಓದಿ.

ಗಂಗಾವತಿ_ಹಲಗಿ:
ಇಬ್ರೂ ತಡೀರಿ. ಕೊಪ್ಪಳದವ್ರ, ಹಾಳಿ ಎಲ್ಲಿಟ್ಟು ಬರೀತೀರಿ?

ಕೊಪ್ಪಳದ_ಗೆರೆ:
ನೆಲದ ಮ್ಯಾಲೆ. ಚಕ್ಕಳಮಕ್ಕಳ ಹಾಕ್ಕೊಂಡು ಕುಂದರ್ತೀನಿ.

ಗಂಗಾವತಿ_ಹಲಗಿ:
ಅಲ್ಲೇ ಐತ್ರಿ ವಿಷಯ. ಹಾಳಿ ಕೆಳಗಿನ ಅಂಚು ನಿಮ್ಮ ಕಾಲ ಹತ್ರ, ಮ್ಯಾಲಿನ ಅಂಚು ದೂರ. ದೂರದ ಭಾಗ ಕಣ್ಣಿಗೆ ಓರಿಯಾಗಿ, ಗಿಡ್ಡಾಗಿ ಕಾಣ್ತೈತಿ. ಕಣ್ಣು ಸರಿ ಅನ್ನೋ ತನಕ ಕೈ ಅಲ್ಲಿ ಉದ್ದ ಎಳೀತೈತಿ. ಪೀಠ ಸರಿ ಬಂದು ಕಿರೀಟ ಜಗ್ಗೂದು ಇದಕ್ಕ. ಕೈ ತಪ್ಪು ಮಾಡಿಲ್ಲ, ಕಣ್ಣು ಹೇಳಿದ್ದನ್ನ ಮಾಡೈತಿ. ಹಾಳಿ ಎಬ್ಬಿಸಿ ಮುಖಕ್ಕ ನೇರ ಹಿಡೀರಿ. ಮೊಣಕೈ ಮಡಚದ ಪೆನ್ಸಿಲ್ ಚಾಚಿ ಗೊಂಬಿ ಮುಖ ಅಳದು, ಒಟ್ಟು ಎತ್ತರಕ್ಕ ಅಂಥಾವು ಎಷ್ಟು ಕೂಡ್ತಾವ ಎಣಿಸಿ, ಹಾಳಿ ಮ್ಯಾಲೂ ಅಷ್ಟ ಕೂಡೂಹಂಗ ಬರೀರಿ.

ಕೊಪ್ಪಳದ_ಗೆರೆ:
ಮಗಳ ಪರೀಕ್ಷಾ ಪ್ಯಾಡು ಮೊಣಕಾಲಿಗೆ ಆನಿಸಿ ಬರದೆ. ಗ್ವಾಡಿಗೆ ಹಚ್ಚಿ ನಾಕು ಹೆಜ್ಜಿ ಹಿಂದ ಸರದು ನೋಡಿದೆ. ಕಿರೀಟ ಕಿರೀಟದಷ್ಟ ಐತಿ! ಭಾಳ ಉಪಕಾರ ಆತ್ರಿ. ಈಗ ಎಡಗಿವಿ ಒಂದು ಕೆಳಗ ಜಾರಾಕತ್ತೈತಿ.

ರಾಯಚೂರು_ಇದ್ದಿಲು:
ಹಾಳಿ ನೋಡಲಾರದ 10 ನಿಮಿಷ ಬರೆಯೋದು ಬಿಟ್ರೇನು?