ಅಕ್ಕ ಮಕ್ಕಳ ಜೊತೆ ವಾಪಸ್ ಬಂದಿದ್ದಾಳೆ, ಅವಳ ಹೆಸರಲ್ಲಿ ಸಾಲ ಬಿಟ್ಟು ಏನೂ ಇಲ್ಲ. ಎಲ್ಲಿಂದ ಶುರು ಮಾಡೋಣ?

ಹೊಸದುರ್ಗದ ತಂಗಿ

ಎಲ್ಲರಿಗೂ ನಮಸ್ಕಾರ. ಹೊಸದುರ್ಗದ ಹತ್ತಿರದ ಹಳ್ಳಿ ನಮ್ಮದು. ಅಕ್ಕನಿಗೆ 31 ವರ್ಷ, ಪಿಯುಸಿ ಓದಿದ್ದಾಳೆ. ಹೋದ ಭಾನುವಾರ ಬೆಳಗಿನ ಬಸ್ಸಿಗೆ ಭದ್ರಾವತಿಯಿಂದ ಇಬ್ಬರು ಮಕ್ಕಳ ಜೊತೆ ಬಂದುಬಿಟ್ಟಳು. ಯಾಕೆ ಅಂತ ಬಿಡಿಸಿ ಬರೆಯಲ್ಲ, ಮೈಮೇಲೆ ಕಾಣುತ್ತದೆ. ತಂದಿದ್ದು ಮಕ್ಕಳ ಬಟ್ಟೆಯ ಚೀಲ, ಆಧಾರ್ ಜೆರಾಕ್ಸು, 340 ರೂಪಾಯಿ.

ಅಲ್ಲಿ ಮನೆಯಲ್ಲೇ ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ದುಡಿಯುತ್ತಿದ್ದಳು. ಆದರೆ ಬಾಗಿಲ ಪಕ್ಕ ಅಂಟಿಸಿದ್ದ ಫೋನ್‌ಪೇ ಸ್ಕ್ಯಾನರ್ ಭಾವನದು. ಗೃಹಲಕ್ಷ್ಮಿ ದುಡ್ಡು ಅತ್ತೆಗೆ, ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಅಪ್ಪ ಮದುವೆಗೆ ಕೊಟ್ಟ 45 ಗ್ರಾಂ ಚಿನ್ನ ಅತ್ತೆಯ ಬೀರುವಿನಲ್ಲಿ. ಇವಳ ಹೆಸರಲ್ಲಿರುವುದು ಎರಡು ಮೈಕ್ರೋಫೈನಾನ್ಸ್ ಸಾಲ. ಸಹಿ ಇವಳದು, ಬೈಕು ಭಾವನದು.

"ಎರಡು ತಿಂಗಳು ಇರಲಿ, ಆಮೇಲೆ ಕೂತು ಮಾತಾಡಿ ಕಳಿಸೋಣ" ಅಂತಾರೆ ಅಪ್ಪ. "ಕೆಲಸಕ್ಕೆ ಹೋಗಲಿ, ಸಂಬಳ ನನ್ನ ಖಾತೆಗೆ ಹಾಕಿಸೋಣ, ನಾನು ನೋಡಿಕೊಳ್ಳುತ್ತೇನೆ" ಅಂತಾನೆ ಅಣ್ಣ. ಅಕ್ಕ ಸುಮ್ನೆ ಕೂತಿರುತ್ತಾಳೆ. ಊರ ಮುಂದೆ ಗಾರ್ಮೆಂಟ್ಸ್ ಬಸ್ಸು ಬರುತ್ತದೆ. ನಾಳೆಯೇ ಹತ್ತಿಸಿಬಿಡೋಣವಾ?

ಮಷೀನ್ ಅಕ್ಕ, ದಾವಣಗೆರೆ

ತಂಗಿ, ಗಾರ್ಮೆಂಟ್ಸ್ ಬಸ್ಸು ನಾಡಿದ್ದೂ ಬರುತ್ತದೆ. ಮೊದಲು ಅಕ್ಕನಿಗೆ ಒಂದು ಸಿಮ್ ಕೊಡಿಸು. ಅವಳದೇ ಬೆರಳಚ್ಚು, ಅವಳದೇ ಹೆಸರು.

ಯಾಕೆ ಅಂದರೆ, ನಾನು ಆರು ವರ್ಷದ ಹಿಂದೆ ಹೀಗೇ ಬಂದವಳು. ಎಂಟನೇ ದಿನಕ್ಕೇ ಟೈಲರ್ ಅಂಗಡಿ ಸೇರಿದೆ, ದಿನಕ್ಕೆ 220 ರೂಪಾಯಿ. ನನ್ನ ಹಳೇ ಖಾತೆಗೇ ಹಾಕಿ ಅಂದೆ. ಆ ಖಾತೆಗೆ ಕೊಟ್ಟಿದ್ದ ಫೋನ್ ನಂಬರು ನಮ್ಮನೆಯವರದು, ಎಟಿಎಂ ಕಾರ್ಡೂ ಅವರ ಜೇಬಲ್ಲಿ. ಶನಿವಾರ ನಾನು ಸಂಬಳ ಅಂತ ಕಾಯುತ್ತಿದ್ದರೆ ಮೆಸೇಜು ಅವರಿಗೆ ಹೋಗುತ್ತಿತ್ತು. ಮೂರು ವಾರದ ದುಡ್ಡು ಹೋಯಿತು. ಅದು ಹೋಗಲಿ ಬಿಡು, ಮೆಸೇಜಿನಲ್ಲಿ ದುಡ್ಡು ಹಾಕಿದವರ ಹೆಸರಿರುತ್ತದಲ್ಲ, ಅದನ್ನು ಹಿಡಿದುಕೊಂಡು ಅಂಗಡಿ ಬಾಗಿಲಿಗೇ ಬಂದರು. ಕೆಲಸವೂ ಹೋಯಿತು. ಯಜಮಾನರನ್ನು ಬೈಯುವಂತಿಲ್ಲ, ಗಿರಾಕಿಗಳ ಮುಂದೆ ಅಷ್ಟು ದೊಡ್ಡ ಗಲಾಟೆ.

ಅದಕ್ಕೇ ಹೇಳುತ್ತಿರೋದು. ಹೊಸ ನಂಬರು, ಬೇರೆ ಬ್ಯಾಂಕು, ಆಮೇಲೆ ಕೆಲಸ. ಅಕ್ಕ ಹಳೇ ಫೋನ್ ತಂದಿದ್ದರೆ ವಾಟ್ಸಾಪ್ ಇನ್ನೊಂದು ಕಡೆ ತೆರೆದಿದೆಯಾ, ಲೊಕೇಶನ್ ಯಾರಿಗಾದರೂ ಹೋಗುತ್ತಿದೆಯಾ ನೋಡು.

ಅಣ್ಣನ ಖಾತೆ ಮಾತ್ರ ಬೇಡವೇ ಬೇಡ. ಅವನು ಒಳ್ಳೆಯವನೇ ಇರಬಹುದು. ಆದರೆ ಪ್ಯಾಡ್ ತಗೊಳ್ಳೋಕೂ ಅಣ್ಣನ ಮುಂದೆ ಕೈ ಚಾಚಬೇಕು ಅಂದರೆ, ಅವಳು ಭದ್ರಾವತಿ ಬಿಟ್ಟು ಬಂದಿದ್ದು ಯಾಕೆ? ನಾನು ತವರಲ್ಲಿ ಇದ್ದಷ್ಟು ದಿನ ಅಮ್ಮನ ಕೈಗೆ ತಿಂಗಳಿಗೆ 500 ಕೊಡುತ್ತಿದ್ದೆ. ಒಂದು ಸಿಲಿಂಡರ್ ಅಪ್ಪ ತಂದರೆ ಇನ್ನೊಂದು ನಾನು. ಆಮೇಲೆ ಊಟಕ್ಕೆ ಕೂತಾಗ ಯಾರೂ ಏನೂ ಅನ್ನಲಿಲ್ಲ.

ಕುಚ್ಚು ಕಟ್ಟುತ್ತಾಳೆ ಅಂದೆಯಲ್ಲ, ಅದು ಕೈಲಿರುವ ಕಸುಬು. ಮಷೀನೂ ಬೇಡ, ಕರೆಂಟೂ ಬೇಡ. ಸೂಜಿ, ರೇಷ್ಮೆ ದಾರ, ಒಂದಿಷ್ಟು ಮಣಿ ಸಾಕು. ಗಾರ್ಮೆಂಟ್ಸ್ ತಪ್ಪು ಅಂತಲ್ಲ, ಪಿಎಫ್, ಇಎಸ್‌ಐ ಸಿಗುತ್ತದೆ. ಆದರೆ ಚಿಕ್ಕ ಮಗು ಅಂಗನವಾಡಿಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ, ನೋಡಿಕೊಳ್ಳಿ.

ಚಿತ್ರದುರ್ಗದಲ್ಲಿ ರುಡ್‌ಸೆಟ್ ಇದೆ, ಸ್ವಂತ ಉದ್ಯೋಗ ಕಲಿಸುವ ಸಂಸ್ಥೆ, 1982ರಲ್ಲಿ ಉಜಿರೆಯಲ್ಲಿ ಶುರುವಾಯಿತಲ್ಲ, ಅವರದೇ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ಹೋದೆ. ಹೊಲಿಗೆ ನನಗೆ ಮೊದಲೇ ಬರುತ್ತಿತ್ತು. ನಾನು ಅಲ್ಲಿ ಕಲಿತದ್ದು ಲೆಕ್ಕ ಬರೆಯೋದು, ಮತ್ತೆ ನಾಚಿಕೆ ಬಿಟ್ಟು ರೇಟು ಹೇಳೋದು. ಅದಕ್ಕೆ ಮುಂಚೆ "ನಿಮಗೆ ತಿಳಿದಷ್ಟು ಕೊಡಿ" ಅನ್ನುತ್ತಿದ್ದೆ. ಅವರಿಗೆ ತಿಳಿಯುತ್ತಿದ್ದುದು ಯಾವಾಗಲೂ ಕಡಿಮೆಯೇ!

ಬಸ್ಸಿಗೆ ದುಡ್ಡು ಖರ್ಚು ಮಾಡಬೇಡಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಫ್ರೀ. ನಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಕೆಂಪು ಬಸ್ಸಿನ ಟೈಮ್ ಕೇಳಿಟ್ಟುಕೊಳ್ಳಿ.

ನಿವೃತ್ತ ಕ್ಯಾಷಿಯರ್

ಮಷೀನ್ ಅಕ್ಕ ಹೇಳಿದ್ದು ಸರಿ. ಇದರಲ್ಲಿ ಯಾವುದು ಮೊದಲು ಅನ್ನೋದು ಮುಖ್ಯ, ಅದನ್ನು ಹೇಳುತ್ತೇನೆ. ಸಿಮ್ ಬಂದ ಮೇಲೆ ಆಧಾರ್‌ಗೆ ಆ ನಂಬರು ಸೇರಿಸಿ. ಹಳೇ ನಂಬರಿನ ಒಟಿಪಿ ಬೇಕಿಲ್ಲ, ಬೆರಳಚ್ಚು ಸಾಕು. ಪೋಸ್ಟ್‌ಮನ್ ಕೂಡ ಮಾಡಿಕೊಡುತ್ತಾರೆ, ಊರಿಗೆ ಬಂದಾಗ ವಿಚಾರಿಸಿ. ಆಮೇಲೆ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಬಹುದು, ಮೂಲ ಕಾರ್ಡಿಗಾಗಿ ಭದ್ರಾವತಿಗೆ ಹೋಗಬೇಕಾಗಿಲ್ಲ. ಆಮೇಲೆ ಜನಧನ್ ಖಾತೆ, ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಬೇಡ. ಹೊಸ ಖಾತೆಗೇ ಆಧಾರ್ ಜೋಡಿಸಿ ಅಂತ ಬ್ಯಾಂಕಿನಲ್ಲಿ ಬರೆದುಕೊಡಿ. ಆಧಾರ್ ನಂಬರಿನ ಮೇಲೆ ಬರುವ ಸರ್ಕಾರದ ದುಡ್ಡು ಕೊನೆಗೆ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ನಾಮಿನಿ ಗಂಡ ಅಂತ ಅಭ್ಯಾಸದಲ್ಲಿ ಬರೆದುಬಿಡುತ್ತಾರೆ, ಫಾರಂ ಓದಿ ಸಹಿ ಹಾಕಿ.

ಸಾಲದ ವಿಷಯ ಕಹಿ. ದುಡ್ಡು ಯಾರು ಖರ್ಚು ಮಾಡಿದರೂ ಕಂಪನಿಯ ಲೆಕ್ಕದಲ್ಲಿ ಸಾಲಗಾರ್ತಿ ನಿಮ್ಮಕ್ಕ. ಎರಡೇ ಸಾಲ ಅಂತ ನಂಬಬೇಡಿ, ಕ್ರೆಡಿಟ್ ರಿಪೋರ್ಟ್ ತೆಗೆಸಿ, ಅವಳ ಹೆಸರಲ್ಲಿರುವ ಸಾಲ ಅದರಲ್ಲಿ ಕಾಣುತ್ತದೆ. ಈ ರಿಪೋರ್ಟ್ ತಯಾರಿಸುವ ಸಿಬಿಲ್, ಹೈ ಮಾರ್ಕ್ ಥರದ ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ರಿಪೋರ್ಟ್ ಪುಕ್ಕಟೆ ಕೊಡಬೇಕು. ಗೊತ್ತಿಲ್ಲದ ಸಾಲ ಅದರಲ್ಲಿ ಕಂಡವರನ್ನು ನಾನೇ ನೋಡಿದ್ದೇನೆ. ಆಮೇಲೆ ಸಾಲ ಕೊಟ್ಟ ಕಂಪನಿಗೆ ಕಾಗದ ಬರೆದು ಕಂತು ಇಳಿಸಲು ಕೇಳಿ. ವಸೂಲಿಯವರು ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ.

ಪ್ಯಾರಾ ಲೀಗಲ್ ಮೇಷ್ಟ್ರು

ಚಿನ್ನದ ಬಗ್ಗೆ ಯಾರೂ ಹೇಳಲಿಲ್ಲ. ಅದು ಸ್ತ್ರೀಧನ, ನಿಮ್ಮಕ್ಕನದೇ. ಅಂಗಡಿ ಬಿಲ್ಲು, ಒಡವೆ ಕಾಣುವ ಮದುವೆ ಫೋಟೊ ಎತ್ತಿಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ದುಡ್ಡು ಕಿತ್ತುಕೊಳ್ಳೋದು, ಖರ್ಚಿಗೆ ಕೊಡದಿರೋದು ಕೂಡ ಹಿಂಸೆಯೇ. ಚಿನ್ನ ವಾಪಸ್, ತಿಂಗಳ ಖರ್ಚು ಎರಡನ್ನೂ ಅದರಲ್ಲೇ ಕೇಳಬಹುದು. ವಿಚ್ಛೇದನ ಬೇಡ, ಎಫ್‌ಐಆರ್ ಕೂಡ ಆಗಿರಬೇಕಿಲ್ಲ. ಈಗ ಇರುವ ಊರಿನ ಕೋರ್ಟಿನಲ್ಲೇ, ಅಂದರೆ ಹೊಸದುರ್ಗದಲ್ಲೇ ಅರ್ಜಿ ಹಾಕಬಹುದು.

ತಾಲ್ಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿ, ಈ ಕಾಯ್ದೆಯಲ್ಲಿ ಅರ್ಜಿ ಹಾಕಲು ನೆರವಾಗುವ ಸಂರಕ್ಷಣಾಧಿಕಾರಿಯೂ ಆಗಿರುತ್ತಾರೆ, ಅಂಗನವಾಡಿ ಟೀಚರಿಗೆ ಅವರ ಕಚೇರಿ ಗೊತ್ತಿರುತ್ತದೆ. ವಕೀಲರ ಫೀಸು ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, 15100ಕ್ಕೆ ಫೋನ್ ಮಾಡಿ. ಗಂಡ ಊರಿಗೆ ಬಂದು ಕೂಗಾಡಿದರೆ 112.

60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ನಾನು ಕಂಡ ಒಂದು ಕೇಸೂ ಅಷ್ಟರಲ್ಲಿ ಮುಗಿದಿಲ್ಲ. ಆ ದುಡ್ಡು ನಂಬಿ ಲೆಕ್ಕ ಹಾಕಬೇಡಿ. ಆದರೆ ಅರ್ಜಿ ತಡ ಮಾಡಬೇಡಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಪ್ಪನ ಎರಡು ತಿಂಗಳು ಕಾದರೆ ಆ ಎರಡು ತಿಂಗಳದ್ದು ಹೋಯಿತು ಅಂತಲೇ.

ಹೊಸದುರ್ಗದ ತಂಗಿ

ಎಲ್ಲರಿಗೂ ಥ್ಯಾಂಕ್ಸ್. ಸಿಮ್ ಆಯಿತು. ಕ್ಯಾಷಿಯರ್ ಸರ್, ರಿಪೋರ್ಟಿನಲ್ಲಿ ಮೂರು ಸಾಲ ಇದೆ. ಮೂರನೆಯದು ನೋಡಿ ಅಕ್ಕ ಮೊದಲ ಸಲ ಜೋರಾಗಿ ಬೈದಳು. ಅಣ್ಣನಿಗೆ ಖಾತೆಯ ವಿಷಯ ಹೇಳಿದೆ, ಮುಖ ಊದಿಸಿಕೊಂಡಿದ್ದಾನೆ.

ಎರಡು ಪ್ರಶ್ನೆ. ದೊಡ್ಡವನು ಮೂರನೇ ಕ್ಲಾಸು, ಅಲ್ಲಿನ ಶಾಲೆಯವರು ಅಪ್ಪ ಬರದೆ ಟಿಸಿ ಕೊಡಲ್ಲ ಅಂತಿದ್ದಾರೆ. ಇನ್ನೊಂದು, ಇಲ್ಲೊಬ್ಬರು ಹಳೇ ಹೊಲಿಗೆ ಮಷೀನು 4,500ಕ್ಕೆ ಕೊಡುತ್ತಾರಂತೆ, ತಗೊಳ್ಳಬಹುದಾ?

ಪ್ಯಾರಾ ಲೀಗಲ್ ಮೇಷ್ಟ್ರು

ಸರ್ಕಾರಿ ಶಾಲೆಗೆ ಸೇರಿಸಿ. ಟಿಸಿ ತಡವಾಯಿತು ಅಂತ ಪ್ರವೇಶ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್. ಹೆಡ್‌ಮಾಸ್ಟರಿಗೆ ಇದನ್ನೇ ಹೇಳಿ.

ಮಷೀನ್ ಅಕ್ಕ, ದಾವಣಗೆರೆ

ಅಣ್ಣನ ಮುಖ ತಾನಾಗಿ ಸರಿಹೋಗುತ್ತದೆ, ಅವನ ಹೆಂಡತಿಯ ಸೀರೆಗೆ ಒಂದು ಕುಚ್ಚು ಹಾಕಿಕೊಡಲಿ.

ಮಷೀನು ಈಗಲೇ ಬೇಡ. ನಾನು ತರಬೇತಿ ಮುಗಿದ ವಾರವೇ ಸಾಲ ಮಾಡಿ ಎಂಬ್ರಾಯಿಡರಿ ಮಷೀನು ತಂದೆ. ಕೆಲಸಕ್ಕಿಂತ ಕಂತು ಮೊದಲು ಬಂತು, ಏಳು ತಿಂಗಳು ನಿದ್ದೆ ಇಲ್ಲ. ನಿಮ್ಮಕ್ಕನ ತಲೆ ಮೇಲೆ ಆಗಲೇ ಮೂರು ಸಾಲ ಇದೆ. ಕುಚ್ಚಿನ ದುಡ್ಡಲ್ಲೇ ಕೂಡಿಸಿ ತಗೊಳ್ಳಲಿ. ಆಗಲೂ ಸುಮ್ನೆ ದುಡ್ಡು ಕೊಡಬೇಡಿ. ಲೈನಿಂಗ್ ಬಟ್ಟೆ ಒಂದು ತುಂಡು, ದಪ್ಪ ಜೀನ್ಸ್ ಒಂದು ತುಂಡು ಒಯ್ದು ಎರಡರ ಮೇಲೂ ಹೊಲಿದು ನೋಡಲಿ. ಕೆಳಗಿನ ದಾರ ಗಂಟು ಗಂಟಾಗಿ ಬಂದರೆ 4,500 ಜಾಸ್ತಿ.