ಗೌಟ್ ನೋವು ಇಳಿದ ಮೇಲೂ ಮಾತ್ರೆ ಬೇಕೆ?

ಪ್ರಶ್ನೆ (ರಾಜಾಜಿನಗರದಿಂದ): ನನಗೆ ಗೌಟ್ (ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲುಗಳು ಬಾತು ನೋಯುವ ಕಾಯಿಲೆ) ಇದೆ. ಯೂರಿಕ್ ಆಮ್ಲ 8.9 (mg/dL) ಇದ್ದುದರಿಂದ ವೈದ್ಯರು ಅಲೋಪ್ಯೂರಿನಾಲ್ ಬರೆದುಕೊಟ್ಟು, ನಿಲ್ಲಿಸದೆ ತೆಗೆದುಕೊಳ್ಳುವಂತೆ ಹೇಳಿದ್ದಾರೆ. ಕಾಲಿನ ಹೆಬ್ಬೆರಳಿನ ಬಾವು ಈಗ ಪೂರ್ತಿ ಇಳಿದಿದೆ. ಬೇಳೆ, ಸೊಪ್ಪು, ಟೊಮೆಟೊ ಬಿಟ್ಟರೆ ಸಾಕು, ಮಾತ್ರೆ ಯಾಕೆ ಎನ್ನುತ್ತಾರೆ ಮನೆಯಲ್ಲಿ. ಬಹುಕಾಲದಿಂದ ಇದನ್ನು ನಿಭಾಯಿಸುತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ (ಬಸವನಗುಡಿಯಿಂದ): ಸರ್, ಅಲೋಪ್ಯೂರಿನಾಲ್ ನೋವಿನ ಮಾತ್ರೆಯಲ್ಲ, ಯೂರಿಕ್ ಆಮ್ಲ ಇಳಿಸುವ ಮಾತ್ರೆ. ರಕ್ತದ ಯೂರಿಕ್ ಆಮ್ಲ ಸದಾ 6ಕ್ಕಿಂತ ಕೆಳಗಿದ್ದರೆ ಕೀಲುಗಳಲ್ಲಿ ಕೂತಿರುವ ಅದರ ಹರಳುಗಳು ನಿಧಾನವಾಗಿ ಕರಗುತ್ತವೆ, ಅದಕ್ಕೆ ವರ್ಷಗಳೇ ಹಿಡಿಯಬಹುದು. ಮಾತ್ರೆ ಬಿಟ್ಟರೆ ಆಮ್ಲ ಮತ್ತೆ ಏರುತ್ತದೆ. ನನಗೆ 100 ಮಿಲಿಗ್ರಾಂನಿಂದ ಆರಂಭಿಸಿ, ಕಿಡ್ನಿಯ ಪರೀಕ್ಷೆಯನ್ನೂ ಯೂರಿಕ್ ಆಮ್ಲವನ್ನೂ ನೋಡುತ್ತಾ 300ಕ್ಕೆ ಏರಿಸಿದರು. ಮೊದಲ ತಿಂಗಳುಗಳಲ್ಲಿ ಹರಳು ಕರಗುವಾಗಲೇ ನೋವು ಮರುಕಳಿಸುವುದುಂಟು, ಹಾಗಾಗಿ ಇಂಥ ನೋವನ್ನು ತಡೆಯುವ ಕಾಲ್ಚಿಸಿನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಸಾಮಾನ್ಯವಾಗಿ 3ರಿಂದ 6 ತಿಂಗಳು ಜೊತೆಗೆ ಕೊಡುತ್ತಾರೆ. ಅನೇಕರು ಈ ಹಂತದಲ್ಲೇ ಮಾತ್ರೆ ಒಗ್ಗಲಿಲ್ಲವೆಂದು ಬಿಟ್ಟುಬಿಡುತ್ತಾರೆ. ನೋವು ಬಂದ ದಿನವೂ ಮುಂದುವರಿಸಬೇಕೆಂದು ನನಗೆ ಮೊದಲೇ ತಿಳಿಸಿದ್ದರು. ಆದರೆ ಮೈಮೇಲೆ ದದ್ದು ಎದ್ದರೆ ಮಾತ್ರ ಕಾಯಬಾರದು, ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ತೊವ್ವೆಗೂ ಪಾಲಕ್ ಸೊಪ್ಪಿಗೂ ಹೆದರಬೇಕಾಗಿಲ್ಲ; ಪ್ಯೂರಿನ್ (ದೇಹದಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವ ಅಂಶ) ಹೆಚ್ಚಿರುವ ತರಕಾರಿಗಳಿಂದ ಗೌಟ್ ಹೆಚ್ಚುವುದಾಗಿ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕಡಿಮೆ ಮಾಡಬೇಕಾದದ್ದು ಬಿಯರ್, ಸಕ್ಕರೆಯ ತಂಪು ಪಾನೀಯ, ಬೂತಾಯಿ ಮೀನು ಮತ್ತು ಮಿಲಿಟರಿ ಹೋಟೆಲಿನ ಲಿವರ್ ಫ್ರೈಯಂಥವು. ಬೇಳೆ ಬಿಡಿಸುವ ನಮ್ಮ ಜನ ಬಿಯರಿನ ಮಾತೆತ್ತದಿರುವುದು ವಿಚಿತ್ರ. ಎಷ್ಟೇ ಪಥ್ಯ ಮಾಡಿದರೂ ಸಾಮಾನ್ಯವಾಗಿ ಇಳಿಯುವುದು 1ರ ಆಸುಪಾಸು, ನಿಮ್ಮ 8.9 ಅಷ್ಟರಿಂದಲೇ 6ಕ್ಕೆ ಬರುವುದು ಕಷ್ಟ.

ಉತ್ತರ (ಮಲ್ಲೇಶ್ವರದಿಂದ): ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಇದರ ಜೊತೆಗೆ ನೀವು ನುಂಗುವ ಬೇರೆ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ನಮ್ಮ ಮನೆಯವರ ಬಿಪಿ ಮಾತ್ರೆಯಲ್ಲಿದ್ದ ಹೈಡ್ರೋಕ್ಲೋರೋಥಯಾಜೈಡ್ ಯೂರಿಕ್ ಆಮ್ಲವನ್ನು ಏರಿಸುವಂಥದ್ದಾಗಿತ್ತು. ವೈದ್ಯರು ಅದನ್ನು ಬಿಡಿಸಿ, ಯೂರಿಕ್ ಆಮ್ಲವನ್ನು ತುಸು ಇಳಿಸುವ ಲೋಸಾರ್ಟನ್ ಕೊಟ್ಟರು. ತೂಕ ಇಳಿಸುವುದು ಒಳ್ಳೆಯದೇ, ಆದರೆ ಅದಕ್ಕಾಗಿ ಕಟ್ಟುನಿಟ್ಟಿನ ಉಪವಾಸ ಬೇಡ, ಊಟ ಬಿಟ್ಟಾಗಲೂ ನೀರು ಕಡಿಮೆಯಾದಾಗಲೂ ಯೂರಿಕ್ ಆಮ್ಲ ಏರಿ ನೋವು ಕೆರಳಬಹುದು. ಇನ್ನೊಂದು ವಿಷಯ: ನೋವಿರುವಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸರಿಯಿದ್ದಂತೆ ಕಾಣಿಸುವುದೂ ಉಂಟು, ಆದ್ದರಿಂದ ನೋವು ಇಳಿದು ಎರಡು ವಾರವಾದ ಮೇಲೆ ಮತ್ತೊಮ್ಮೆ ಮಾಡಿಸಲು ನಮಗೆ ಹೇಳಿದ್ದರು.